ಕೆರೆ ದಂಡೆಯ ಬಂಡೆಗಳಲ್ಲಿ ಶಿಲಾರೋಹಣ: ಪ್ರವೇಶ ನಿಯಮ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ನೆರೆಯ ಬಾಗಲಕೋಟೆ ಜಿಲ್ಲೆಯ ಬಾದಾಮಿಯಲ್ಲಿ ಅಗಸ್ತ್ಯತೀರ್ಥ ಕೆರೆಯ ಸುತ್ತಮುತ್ತಲ ಕೆಂಪು ಮರಳುಗಲ್ಲಿನ ಬಂಡೆಗಳು ದೇಶ ವಿದೇಶಗಳ ಶಿಲಾರೋಹಿಗಳನ್ನು ಆಕರ್ಷಿಸುತ್ತಿವೆ. ಇದರಿಂದ ಪ್ರೇರಿತರಾಗಿ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳ ಯುವಕರು ತಮ್ಮೂರಿನ ಬಂಡೆ ಏರಲು ಪಂಚಾಯಿತಿಯ ಒಪ್ಪಿಗೆ ಕೋರಿದಲ್ಲಿ ಸದಸ್ಯರು ಮೊದಲು ಪರಿಶೀಲಿಸಬೇಕಾದುದು ಒಂದೇ: ಆ ಬಂಡೆ ಯಾರ ಅಧೀನದಲ್ಲಿದೆ? ಪಂಚಾಯಿತಿಯ ಎಲ್ಲೆಯೊಳಗಿರುವ ಪ್ರತಿಯೊಂದು ಕಲ್ಲೂ ಪಂಚಾಯಿತಿಯ ಸ್ವತ್ತಲ್ಲ.

ಅಧೀನತೆಯ ಪರಿಶೀಲನೆ

1. ಸಂರಕ್ಷಿತ ಸ್ಮಾರಕವಿರುವ ಸ್ಥಳವು 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮಕ್ಕೆ ಒಳಪಡುತ್ತದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2 ವರ್ಷಗಳವರೆಗೆ ಕಾರಾವಾಸ ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹಗ್ಗ ಕಟ್ಟಲು ಅಲ್ಲಿ ಕಲ್ಲಿಗೆ ರಂಧ್ರ ಕೊರೆದು ಮೊಳೆ ಹೊಡೆಯುವುದೂ ಹಾನಿಯೇ.

2. ಆಲಮಟ್ಟಿ ಮತ್ತು ನಾರಾಯಣಪುರ ಜಲಾಶಯಗಳಿಗೆ ಸ್ವಾಧೀನವಾದ ದಡಗಳ ಬಗ್ಗೆ ಕೃಷ್ಣಾ ಭಾಗ್ಯ ಜಲ ನಿಗಮವನ್ನು ಸಂಪರ್ಕಿಸಬೇಕು.

3. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಹೆಚ್ಚಿರುವ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೂ, ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ಸಂಸ್ಥೆಗಳಿಗೂ ಸೇರುತ್ತವೆ.

4. ಅರಣ್ಯ ಭೂಮಿಗೆ ಅರಣ್ಯ ಇಲಾಖೆಯ, ಖಾಸಗಿ ಜಮೀನಿಗೆ ಮಾಲೀಕರ ಲಿಖಿತ ಒಪ್ಪಿಗೆ ಅಗತ್ಯ. ಪಹಣಿ ಹಾಗೂ ಸರ್ವೆ ನಕ್ಷೆ ನೋಡದೆ ನಿರಾಕ್ಷೇಪಣಾ ಪತ್ರ ನೀಡಬಾರದು.

ಕಲ್ಲು ಕ್ವಾರಿಗಳ ಅಪಾಯ

ಬಾದಾಮಿಯ ಬಂಡೆ ಸಹಸ್ರಾರು ವರ್ಷಗಳ ಗಾಳಿ ಮಳೆಗೆ ಸವೆದು ನಿಂತದ್ದು. ಆದರೂ ಮಳೆಯಲ್ಲಿ ನೆನೆದ ಮರಳುಗಲ್ಲು ಬಲ ಕಳೆದುಕೊಳ್ಳುವುದರಿಂದ ಬಲ್ಲವರು ಅದು ಒಣಗುವವರೆಗೆ ಏರುವುದಿಲ್ಲ. ನಮ್ಮ ಭಾಗದ ಕೈಬಿಟ್ಟ ಕ್ವಾರಿಗಳ ಸ್ಥಿತಿಯೇ ಬೇರೆ. ಅಲ್ಲಿನ ಗೋಡೆಗಳು ಸಿಡಿಮದ್ದಿನಿಂದ ಬಿರುಕುಬಿಟ್ಟಿರುತ್ತವೆ. ಕೈಯಿಟ್ಟ ಕಲ್ಲೇ ಕಳಚಬಹುದು. ಕೆರೆಗೆ ಇಳಿಜಾರು ದಂಡೆಯಿರುತ್ತದೆ. ಕ್ವಾರಿಯ ಗೋಡೆ ನೇರವಾಗಿ ಆಳದ ನೀರಿಗಿಳಿಯುತ್ತದೆ. ಬಿದ್ದವರು ಈಜು ಬಲ್ಲವರಾದರೂ ಹತ್ತಿ ಬರಲು ಮೆಟ್ಟಿಲಾಗಲಿ ದಡವಾಗಲಿ ಇರುವುದಿಲ್ಲ. ಆದ್ದರಿಂದ ನೀರು ತುಂಬಿದ ಕ್ವಾರಿಗಳಲ್ಲಿ ಶಿಲಾರೋಹಣಕ್ಕೆ ಯಾವ ಕಾರಣಕ್ಕೂ ಸಮ್ಮತಿಸಬಾರದು.

ಪಂಚಾಯಿತಿ ಕೈಗೊಳ್ಳಬೇಕಾದ ಕ್ರಮ

ಎಲ್ಲೆಡೆ ನಿಷೇಧದ ಫಲಕ ನೆಟ್ಟ ಮಾತ್ರಕ್ಕೆ ಹೊಣೆ ಮುಗಿಯದು; ಕದ್ದು ಏರುವವರ ಬಳಿ ಹಗ್ಗವೂ ಇರುವುದಿಲ್ಲ, ಕಾಯುವವರೂ ಇರುವುದಿಲ್ಲ. ಆಸಕ್ತ ಯುವಜನರನ್ನು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಮೂಲಕ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ತರಬೇತಿಗೆ ಕಳುಹಿಸುವುದು ಸೂಕ್ತ. ಸ್ಥಳೀಯವಾಗಿ ಒಪ್ಪಿಗೆ ನೀಡುವಾಗ ತರಬೇತುದಾರರ ಹಾಜರಿ, ಶಿರಸ್ತ್ರಾಣ, ಹಗ್ಗಗಳ ತಪಾಸಣೆ ಮತ್ತು ಪೊಲೀಸ್ ಠಾಣೆಗೆ ಮುನ್ಸೂಚನೆಯನ್ನು ಷರತ್ತಾಗಿ ವಿಧಿಸಬೇಕು. ಹೆಜ್ಜೇನು ಕಟ್ಟಿರುವ ಬಂಡೆಗಳನ್ನು ಕೈಬಿಡಬೇಕು.

ಕೈಬಿಟ್ಟ ಕ್ವಾರಿಗಳನ್ನು ವಾರ್ಡ್‌ವಾರು ಪಟ್ಟಿ ಮಾಡಿ, ಬೇಲಿ ಹಾಕಿಸುವಂತೆ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಪತ್ರ ಬರೆಯಬೇಕು. ಅಪಾಯದ ಸ್ಥಳಗಳಲ್ಲಿ ತುರ್ತು ಸಂಖ್ಯೆ 112 ಸಹಿತ ಎಚ್ಚರಿಕೆ ಫಲಕ ಅಳವಡಿಸಿ, ಉದ್ದನೆಯ ಹಗ್ಗ ಕಟ್ಟಿದ ತೇಲುವ ಟ್ಯೂಬನ್ನು ಸಮೀಪದ ಮನೆಯಲ್ಲಿ ಇರಿಸಬೇಕು. ನೀರಿಗೆ ಬಿದ್ದವರ ಪಾಲಿಗೆ ಮೊದಲ ಕೆಲವು ನಿಮಿಷಗಳೇ ನಿರ್ಣಾಯಕ. ಆ ಹೊತ್ತಿನಲ್ಲಿ ಅಲ್ಲಿರುವವರು ಊರಿನವರೇ. ಸದಸ್ಯರು ಈ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸಿ, ಬೇಸಿಗೆ ರಜೆಗೆ ಮುನ್ನ ಠರಾವು ಅಂಗೀಕರಿಸುವುದು ಅವಶ್ಯ.