ಗುಮ್ಮಳಾಪುರಕ್ಕೊಂದು ಚೆಂದದ ನಕ್ಷೆ

ಕರ್ನಾಟಕದ ಗಡಿ ದಾಟಿದೊಡನೆ, ತಮಿಳುನಾಡಿನ ತಳಿ ಸೀಮೆಯಲ್ಲಿ ಸಿಗುವ ಕನ್ನಡದ ಊರು ಗುಮ್ಮಳಾಪುರ. ತಮಿಳು ಲಿಪಿಯಲ್ಲಿ ‘ಕ’, ‘ಗ’ ಎರಡಕ್ಕೂ ಒಂದೇ ಅಕ್ಷರ. ಅಲ್ಲಿಂದ ಕಣ್ಣುಮುಚ್ಚಿ ಕನ್ನಡಕ್ಕೆ ಇಳಿಸಿದರೆ ಊರು ‘ಕುಮ್ಮಳಾಪುರ’ ಆದೀತು!

ಹಾಗಾಗದಂತೆ ಊರವರೇ ನೋಡಿಕೊಳ್ಳಬಹುದು. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ಭೂಪಟದಲ್ಲಿ ಒಂದೇ ಊರಿಗೆ ತಮಿಳು, ಕನ್ನಡ ಹೆಸರುಗಳನ್ನು ಬೇರೆ ಬೇರೆಯಾಗಿ ದಾಖಲಿಸಲು ಜಾಗವಿದೆ.

ಆ ಮಾಹಿತಿಗೆ ಅಂದ ಕೊಡುವುದು ಕ್ಯೂಜಿಐಎಸ್ ಎಂಬ ನಕ್ಷೆ ತಯಾರಿಸುವ ತಂತ್ರಾಂಶ. 2002ರಲ್ಲಿ ಗ್ಯಾರಿ ಶೆರ್ಮನ್ ಆರಂಭಿಸಿದ ಈ ತಂತ್ರಾಂಶಕ್ಕೆ ಬಿಡಿಗಾಸೂ ಕೊಡಬೇಕಿಲ್ಲ. 2000ದಲ್ಲಿ ನಾಸಾದ ಷಟಲ್ ನೌಕೆ ಅಳೆದ ನೆಲದ ಎತ್ತರದ ಅಂಕಿಗಳೂ ಉಚಿತ. ಅವನ್ನು ಈ ತಂತ್ರಾಂಶಕ್ಕೆ ಹಾಕಿ, ವಾಯವ್ಯದಿಂದ ಬೆಳಕು ಬೀಳುವಂತೆ ನೆರಳು ಮೂಡಿಸಿದರೆ ಗುಡ್ಡಗಳು ಉಬ್ಬಿ ನಿಲ್ಲುತ್ತವೆ. ಮೇಲೆ ಕೆರೆಗೆ ತಿಳಿನೀಲಿ, ಹೊಲಕ್ಕೆ ತೆಳುಹಸಿರು ಸಾಕು. ಬಣ್ಣ ಕಡಿಮೆಯಿದ್ದಷ್ಟೂ ಕಣ್ಣಿಗೆ ಹಿತ.

ನಿಜವಾದ ಕಸುಬು ಅಕ್ಷರಗಳದ್ದು. ‘ಮ್ಮ’ದ ಒತ್ತು ಸಾಲಿನ ಕೆಳಕ್ಕೆ ಇಳಿಯುವುದರಿಂದ ರಸ್ತೆಯ ಗೆರೆ ಅದನ್ನು ನುಂಗಿಬಿಡುತ್ತದೆ. ನೋಟೊ ಸಾನ್ಸ್ ಕನ್ನಡ ಫಾಂಟ್ ಬಳಸಿ, ಅಕ್ಷರದ ಸುತ್ತ ತೆಳುವಾದ ಬಿಳಿ ಅಂಚು ಕೊಟ್ಟು, ಹೆಸರನ್ನು ತುಸು ಮೇಲೆತ್ತಿದರೆ ‘ಗುಮ್ಮಳಾಪುರ’ ಅಚ್ಚುಕಟ್ಟಾಗಿ ಕಾಣುತ್ತದೆ. ಮುದ್ರಿಸುವಾಗ ಮೂಲೆಯಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರನ್ನು ಹೆಸರಿಸಲೇಬೇಕು. ಅದು ಪರವಾನಗಿಯ ಷರತ್ತು.