ಡಿಸ್ಕೋ ಯಾರ ಅಪ್ಪನ ಆಸ್ತಿ?

ಬ್ರಿಟನ್ನಿನ ಗಾಯಕಿ ದುವಾ ಲಿಪಾ ಅವರ ‘ಲೆವಿಟೇಟಿಂಗ್’ ಕೇಳಿದರೆ ಮೊದಲು ಅನ್ನಿಸೋದೇ ‘ಇದನ್ನ ಎಲ್ಲೋ ಕೇಳಿದೀನಲ್ಲ’ ಅಂತ. 2020ರ ಈ ಹಾಡಿನ ಕುಣಿಸುವ ಬೇಸ್, ಚಪ್ಪಾಳೆ ಎಲ್ಲವೂ ಎಪ್ಪತ್ತರ ದಶಕದ ಡಿಸ್ಕೋದಿಂದ ಬಂದವು. ಆಲ್ಬಂನ ಹೆಸರೇ ‘ಫ್ಯೂಚರ್ ನಾಸ್ಟಾಲ್ಜಿಯಾ’. ಮುಚ್ಚುಮರೆ ಏನಿಲ್ಲ. ನನಗಂತೂ ಇದು ಇಷ್ಟದ ಹಾಡು.

ಆದರೆ ಹಳೆಯದರಂತೆ ಕೇಳಿಸಿದರೆ ಅದು ಕಳ್ಳತನವೇ? ಹೌದು ಅಂತ 1979ರ ಡಿಸ್ಕೋ ಹಾಡೊಂದರ ರಚನಕಾರರು ನ್ಯೂಯಾರ್ಕ್‌ನಲ್ಲಿ ಕೇಸು ಹಾಕಿದರು. 2025ರ ಮಾರ್ಚ್‌ನಲ್ಲಿ ಕೋರ್ಟ್ ಅದನ್ನು ವಜಾ ಮಾಡಿತು. ಅವರೋಹಣದಲ್ಲಿ ಇಳಿಯುವ ಸ್ವರಗಳಾಗಲಿ, ಡಿಸ್ಕೋ ಶೈಲಿಯಾಗಲಿ ಯಾರೊಬ್ಬರ ಸ್ವತ್ತೂ ಅಲ್ಲ ಎಂಬುದು ತೀರ್ಪಿನ ಸಾರ.

ಸರಿಯಾದ ತೀರ್ಪೇ. ಶೈಲಿಗೂ ಬೇಲಿ ಹಾಕಿದರೆ ಲಾಭ ಆಗೋದು ವಕೀಲರ ಪಡೆ ಸಾಕಬಲ್ಲ ಕಂಪನಿಗಳಿಗೆ. ಮನೆಯಲ್ಲೇ ಕೂತು ಹಾಡು ಕಟ್ಟುವ ಹೊಸಬರು ಒಂದು ತಾಳ ಹಾಕುವುದಕ್ಕೂ ಹೆದರಬೇಕಾಗುತ್ತೆ.

ಹಾಗಂತ ಋಣ ತೀರಿಬಿಡಲಿಲ್ಲ. ಡಿಸ್ಕೋ ಬೆಳೆದದ್ದು ಅಮೆರಿಕದ ಕಪ್ಪು, ಲ್ಯಾಟಿನೋ, ಸಲಿಂಗಿ ಸಮುದಾಯಗಳು ಸೇರುತ್ತಿದ್ದ ಕ್ಲಬ್ಬುಗಳಲ್ಲಿ. 1979ರ ಜುಲೈ 12ರಂದು ಷಿಕಾಗೋದ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ ಡಿಸ್ಕೋ ರೆಕಾರ್ಡುಗಳನ್ನು ಪೆಟ್ಟಿಗೆಗೆ ತುಂಬಿ ಸ್ಫೋಟಿಸಲಾಯಿತು. ಆ ಸಿಟ್ಟಿನಲ್ಲಿ ಈ ಸಮುದಾಯಗಳ ಮೇಲಿನ ಅಸಹನೆಯೂ ಬೆರೆತಿತ್ತು ಅನ್ನುತ್ತಾರೆ ಅನೇಕ ವಿಮರ್ಶಕರು. ಅವತ್ತು ಸಿಡಿಸಿದ ಸದ್ದೇ ಇವತ್ತು ಸೂಪರ್ ಹಿಟ್.

ಶೈಲಿಗೆ ರಾಯಲ್ಟಿ ಕೊಡಬೇಕಿಲ್ಲ, ಒಪ್ಪೋಣ. ಆದರೆ ‘ರೆಟ್ರೋ’ ಅಂತ ಕುಣಿಯುವಾಗ, ಆ ಕುಣಿತ ಯಾರದ್ದಾಗಿತ್ತು ಅನ್ನೋದಾದರೂ ನಮಗೆ ಗೊತ್ತಿರಲಿ.