ಸರ್ವರ್‌ಗೆ ಹೊಸ ಹೆಸರು: ಲೆಕ್ಕಪತ್ರಗಳ ರಕ್ಷಣೆಗೆ ಕೆಲವು ಎಚ್ಚರಿಕೆಗಳು

ಅಂಗಡಿಯ ಹೆಸರನ್ನು ಬದಲಿಸಿದ ವರ್ತಕನು ನಾಮಫಲಕವನ್ನು ಬರೆಸಿ ಸುಮ್ಮನಾಗುವುದಿಲ್ಲ. ಬ್ಯಾಂಕ್ ಖಾತೆ, ಜಿಎಸ್‌ಟಿ ನೋಂದಣಿ, ಬಿಲ್ ಪುಸ್ತಕ, ಮೊಹರು ಮುಂತಾದ ಎಲ್ಲೆಡೆಯೂ ಹೊಸ ಹೆಸರನ್ನು ದಾಖಲಿಸುತ್ತಾನೆ. ಕ್ಲೌಡ್ ಸರ್ವರ್‌ನ ಹೋಸ್ಟ್‌ನೇಮ್ ಬದಲಿಸುವಾಗಲೂ ಇದೇ ವಿವೇಕ ಅಗತ್ಯ.

ಹೋಸ್ಟ್‌ನೇಮ್ ಎಂದರೆ ಸರ್ವರ್ ತನ್ನನ್ನು ತಾನು ಗುರುತಿಸಿಕೊಳ್ಳುವ ಹೆಸರು. ಅಮೆಜಾನ್ ಕ್ಲೌಡ್‌ನಲ್ಲಿ ಪಡೆದ ಲಿನಕ್ಸ್ ಸರ್ವರ್‌ಗೆ ಸಾಮಾನ್ಯವಾಗಿ ‘ಐಪಿ’ ಎಂಬ ಅಕ್ಷರಗಳೂ ಅದರ ಆಂತರಿಕ ವಿಳಾಸದ ಅಂಕಿಗಳೂ ಸೇರಿದ ಹೆಸರು ತಾನಾಗಿ ಬರುತ್ತದೆ. ಎರಡು ಮೂರು ಸರ್ವರ್‌ಗಳಿರುವಲ್ಲಿ ಲೆಕ್ಕಪತ್ರದ್ದು ಯಾವುದು, ದಾಸ್ತಾನಿನದು ಯಾವುದು ಎಂಬುದು ಇದರಿಂದ ತಿಳಿಯದು. ಆದ್ದರಿಂದ ಅರ್ಥಪೂರ್ಣ ಹೆಸರಿಡುವುದು ಉಚಿತವೇ. ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡ್ಡಗೆರೆಗಳನ್ನು ಮಾತ್ರ ಬಳಸಿ, 15 ಅಕ್ಷರಗಳೊಳಗೆ ಹೆಸರಿಟ್ಟರೆ ವಿಂಡೋಸ್ ಯಂತ್ರಗಳಿಗೂ ಅದು ಹೊಂದುತ್ತದೆ.

ಹೆಸರು ಮರಳುವುದೇಕೆ?

ಇಂದಿನ ಬಹುತೇಕ ಲಿನಕ್ಸ್ ಸರ್ವರ್‌ಗಳಲ್ಲಿ ‘ಹೋಸ್ಟ್‌ನೇಮ್‌ಸಿಟಿಎಲ್’ ಎಂಬ ಒಂದೇ ಆಜ್ಞೆಯಿಂದ ಹೆಸರು ಬದಲಾಗುತ್ತದೆ. ಆದರೆ ಯಂತ್ರವನ್ನು ಮರುಚಾಲನೆ ಮಾಡಿದಾಗ ಹಳೆಯ ಹೆಸರೇ ಮರಳುವುದುಂಟು. ಸರ್ವರ್ ಆರಂಭವಾಗುವಾಗ ‘ಕ್ಲೌಡ್-ಇನಿಟ್’ ಎಂಬ ತಂತ್ರಾಂಶವು ಕ್ಲೌಡ್ ಕಂಪನಿಯಲ್ಲಿ ದಾಖಲಾಗಿರುವ ಹೆಸರನ್ನು ಮತ್ತೆ ಬರೆಯಬಹುದಾದುದೇ ಇದಕ್ಕೆ ಕಾರಣ. ಹೆಸರನ್ನು ಉಳಿಸಿಕೊಳ್ಳಬೇಕೆಂಬ ಸೂಚನೆಯನ್ನು ಅದರ ಸಂರಚನಾ ಕಡತದಲ್ಲಿ ಸೇರಿಸಬೇಕು. ‘ಹೋಸ್ಟ್ಸ್’ ಕಡತವನ್ನೂ ತಿದ್ದಬೇಕು. ಹೊರಗಿನವರು ಸರ್ವರನ್ನು ತಲುಪುವ ಡಿಎನ್‌ಎಸ್ ವಿಳಾಸವು ಬೇರೆಯೇ ದಾಖಲೆ. ಹೋಸ್ಟ್‌ನೇಮ್ ಬದಲಾದ ಮಾತ್ರಕ್ಕೆ ಅದು ಬದಲಾಗದು.

ನಿಜವಾದ ಅಪಾಯ

ವಿಂಡೋಸ್ ಸರ್ವರ್‌ನ ಹೆಸರು ಬದಲಾದರೆ, ಹಳೆಯ ಹೆಸರಿನಿಂದ ದತ್ತಾಂಶದ ಫೋಲ್ಡರ್ ತೆರೆಯುತ್ತಿದ್ದ ಯಂತ್ರಗಳು ದಾರಿ ತಪ್ಪುತ್ತವೆ. ಇದು ಮರುದಿನ ಬೆಳಿಗ್ಗೆಯೇ ಗುಮಾಸ್ತರಿಗೆ ಗೊತ್ತಾಗುತ್ತದೆ. ಆದರೆ ರಾತ್ರಿ ತಾನಾಗಿ ನಡೆಯುವ ಬ್ಯಾಕಪ್ ಅದೇ ಹೆಸರನ್ನು ಅವಲಂಬಿಸಿದ್ದು ನಿಂತುಹೋದರೆ ಯಾರಿಗೂ ತಿಳಿಯದಿರಬಹುದು. ತಿಂಗಳುಗಳ ನಂತರ ಡಿಸ್ಕ್ ಕೆಟ್ಟ ದಿನವೇ ನಷ್ಟದ ಅರಿವಾಗುವುದು.

ಇದು ಕೇವಲ ತಾಂತ್ರಿಕ ವಿಷಯವಲ್ಲ. ವಿದ್ಯುನ್ಮಾನ ರೂಪದಲ್ಲಿ ಲೆಕ್ಕಪುಸ್ತಕ ಇಡುವ ಕಂಪನಿಗಳು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನವೂ ಅದರ ಬ್ಯಾಕಪ್ ಇಡಬೇಕೆಂದು 2022ರ ಆಗಸ್ಟ್‌ನಲ್ಲಿ ತಿದ್ದುಪಡಿಯಾದ ಕಂಪನಿ ಲೆಕ್ಕಪತ್ರ ನಿಯಮಗಳು ವಿಧಿಸುತ್ತವೆ. ಕಂಪನಿಯಲ್ಲದ ವರ್ತಕರಿಗೂ ವಿನಾಯಿತಿಯಿಲ್ಲ: ಜಿಎಸ್‌ಟಿ ನಿಯಮ 57ರಂತೆ ವಿದ್ಯುನ್ಮಾನ ದಾಖಲೆಗಳಿಗೆ ಸಮರ್ಪಕ ಬ್ಯಾಕಪ್ ಇರಬೇಕು. ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು.

ಮಾಡಬೇಕಾದ ಕ್ರಮ

ಮೊದಲು ಪೂರ್ಣ ಬ್ಯಾಕಪ್ ತೆಗೆದುಕೊಳ್ಳುವುದು. ಹಳೆಯ ಹೆಸರು ಎಲ್ಲೆಲ್ಲಿ ಬಳಕೆಯಲ್ಲಿದೆ ಎಂದು ಪಟ್ಟಿ ಮಾಡುವುದು. ತಂತ್ರಾಂಶದ ಪರವಾನಗಿ ಯಂತ್ರದ ಹೆಸರಿಗೆ ಬದ್ಧವಾಗಿದೆಯೇ ಎಂದು ಮಾರಾಟಗಾರರನ್ನು ಕೇಳುವುದು. ರಜಾದಿನದಲ್ಲಿ ಬದಲಾವಣೆ ಮಾಡಿ, ಯಂತ್ರವನ್ನು ಮರುಚಾಲನೆ ಮಾಡಿ ನೋಡುವುದು. ಮರುದಿನ, ಹಿಂದಿನ ರಾತ್ರಿಯ ಬ್ಯಾಕಪ್‌ನಿಂದ ಕೆಲವು ಬಿಲ್ಲುಗಳನ್ನು ಬೇರೆ ಯಂತ್ರದಲ್ಲಿ ತೆರೆದು ತಾಳೆ ನೋಡಬೇಕು. ಆ ಬಿಲ್ಲುಗಳು ಸರಿಯಾಗಿ ತೆರೆದುಕೊಂಡ ಮೇಲೆಯೇ ಹೆಸರು ಬದಲಾವಣೆ ಪೂರ್ಣವಾಯಿತೆಂದು ಭಾವಿಸತಕ್ಕದ್ದು.